900 ಅಡಿಯ ಅತಿಥಿ

1980ರ ಮೇ 25ರ ಸಂಜೆ ಏಳು ಗಂಟೆಗೆ ಅಮೆರಿಕದ ಟಲ್ಸಾ ನಗರದಲ್ಲಿ ಯೇಸುಸ್ವಾಮಿ ತಮಗೆ ಕಾಣಿಸಿಕೊಂಡರೆಂದೂ, ಅವರ ಎತ್ತರ 900 ಅಡಿ ಇತ್ತೆಂದೂ ಟಿ.ವಿ. ಬೋಧಕ ಓರಲ್ ರಾಬರ್ಟ್ಸ್ ತಮ್ಮ ಬೆಂಬಲಿಗರಿಗೆ ಪತ್ರ ಬರೆದು ತಿಳಿಸಿದರು. ದರ್ಶನವನ್ನು ನಂಬುವುದೂ ಬಿಡುವುದೂ ಅವರವರ ಭಕ್ತಿಗೆ ಸೇರಿದ್ದು. ಆದರೆ ಎಂಟುನೂರೂ ಅಲ್ಲದೆ, ಸಾವಿರವೂ ಅಲ್ಲದೆ, ಒಂಬೈನೂರೇ ಎಂದು ಟೇಪು ಹಿಡಿದು ಅಳೆದವರು ಯಾರೆಂಬುದು ಮಾತ್ರ ನನ್ನನ್ನು ಬಹಳ ಕಾಲ ಕಾಡಿತ್ತು. ಅಲ್ಲೇ ಕಟ್ಟಲಾಗುತ್ತಿದ್ದ ‘ಸಿಟಿ ಆಫ್ ಫೇತ್’ ಆಸ್ಪತ್ರೆಯ ನಕ್ಷೆ ನೋಡಿದ ಮೇಲೆ ಗುಟ್ಟು ತಿಳಿಯಿತು. ಅದರ ಮುಖ್ಯ ಗೋಪುರಕ್ಕೆ 60 ಅಂತಸ್ತು, 648 ಅಡಿ. ಅದರ ಹಿಂದೆ ನಿಂತು ಎದೆಯವರೆಗಾದರೂ ಕಾಣಿಸಬೇಕಾದರೆ ದೇವಕುಮಾರರಿಗೂ ಅಷ್ಟು ನಿಲುವು ಬೇಕೇ ಬೇಕು.

ಹಣ ಸಾಲದೆ ಕುಂಟುತ್ತಿದ್ದ ಆ ಕಟ್ಟಡದ ಬುಡಕ್ಕೆ ಸ್ವಾಮಿಯವರು ಕೈಹಾಕಿ ಇಡೀ ಗೋಪುರವನ್ನು ಎತ್ತಿದರಂತೆ, ಇದನ್ನು ಎತ್ತುವುದು ನನಗೆಷ್ಟು ಸುಲಭ ನೋಡು ಎಂದರಂತೆ. ಅರವತ್ತು ಅಂತಸ್ತನ್ನು ತೊಟ್ಟಿಲಿನಂತೆ ಎತ್ತಿದವರಿಗೆ ಗುತ್ತಿಗೆದಾರರ ಬಿಲ್ಲನ್ನು ಎತ್ತುವುದು ಏಕೆ ಆಗಲಿಲ್ಲ ಎಂದು ಕೇಳುವುದು ಅಧಿಕಪ್ರಸಂಗವಾದೀತು. ಆ ಕೆಲಸಕ್ಕೆ ಬೆಂಬಲಿಗರಿದ್ದರು; ಪತ್ರ ಹೋದದ್ದೂ ಅವರಿಗೇ.

ಬೈಬಲಿನ ಲೂಕನ ಸುವಾರ್ತೆಯಲ್ಲಿ ಇಂಥದೇ ಇನ್ನೊಂದು ಭೇಟಿಯಿದೆ. ಯೆರಿಕೋ ಊರಿನ ಸುಂಕದ ಅಧಿಕಾರಿ ಜಕ್ಕಾಯ ಗಿಡ್ಡನಾಗಿದ್ದುದರಿಂದ ಜನಜಂಗುಳಿಯ ನಡುವೆ ಯೇಸು ಕಾಣಿಸದೆ ಮರ ಹತ್ತಿದ. ಅಂದು ಸ್ವಾಮಿಯವರ ಎತ್ತರ ನಮ್ಮ ನಿಮ್ಮಷ್ಟೇ ಇದ್ದಿರಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 900 ಅಡಿಯಿದ್ದಿದ್ದರೆ ಪಾಪ, ಆ ಮನುಷ್ಯ ತನ್ನ ಸುಂಕದ ಕಟ್ಟೆಯ ಮೇಲೆ ಕುಳಿತಲ್ಲೇ ದರ್ಶನ ಪಡೆಯುತ್ತಿದ್ದ. ಇಂದು ನಿನ್ನ ಮನೆಯಲ್ಲಿ ಉಳಿದುಕೊಳ್ಳಬೇಕು ಎಂದು ಯೇಸು ತಾವಾಗಿ ಹೇಳಿ ಹೋದರು. ಪರಿಣಾಮವಾಗಿ ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದ, ಅನ್ಯಾಯವಾಗಿ ವಸೂಲು ಮಾಡಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ಅತಿಥಿ ಬಂದುಹೋದ ಮೇಲೆ ಯಾರ ಚೀಲ ಹಗುರವಾಯಿತು ಎಂಬ ಒಂದೇ ಲೆಕ್ಕದಲ್ಲಿ ಯೆರಿಕೋವಿಗೂ ಟಲ್ಸಾಕ್ಕೂ ಅಜಗಜಾಂತರ.

ಆದರೆ ಯೇಸು ಇಂದಿಗೂ ಖುದ್ದಾಗಿ ಬರುತ್ತಾರೆಯೇ ಎಂದು ಅಮೆರಿಕದ ಪಂಡಿತರು ಶತಮಾನದಿಂದ ನಡೆಸುತ್ತಿರುವ ವಾದದಲ್ಲಿ ಚೀಲದ ಪ್ರಸ್ತಾಪಕ್ಕಿಂತ ಪದದ ಪ್ರಸ್ತಾಪವೇ ಹೆಚ್ಚು. ಸತ್ತು ಮರಳಿ ಎದ್ದ ನಂತರ ಯೇಸು ಯಾರು ಯಾರಿಗೆ ಕಾಣಿಸಿಕೊಂಡರೆಂದು ಪಟ್ಟಿ ಕೊಡುವ ಆದಿಕಾಲದ ಕ್ರೈಸ್ತ ಪ್ರಚಾರಕ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ‘ಕಟ್ಟಕಡೆಗೆ’ ನನಗೂ ಕಾಣಿಸಿಕೊಂಡರು ಎನ್ನುತ್ತಾನೆ. ಕಟ್ಟಕಡೆಗೆ ಎಂದ ಮೇಲೆ ಬಾಗಿಲು ಮುಚ್ಚಿತೆಂದು ಒಂದು ಪಕ್ಷ. ಪಂಕ್ತಿಯಲ್ಲಿ ಕಡೆಯವನು ಉಂಡೆದ್ದ ಮಾತ್ರಕ್ಕೆ ಎರಡನೆಯ ಪಂಕ್ತಿಯೇ ಇಲ್ಲವೇ ಎಂದು ಇನ್ನೊಂದು ಪಕ್ಷ. ಪವಾಡಗಳು ಅಪೊಸ್ತಲರ, ಅಂದರೆ ಯೇಸು ಕಳಿಸಿದ ಮೊದಲ ದೂತರ, ಅಧಿಕಾರಕ್ಕೆ ಹಾಕಿದ ಮೊಹರು, ಅಪೊಸ್ತಲರು ತೀರಿಕೊಂಡಂತೆ ಮೊಹರೂ ಒಳಸೇರಿತು ಎಂದು ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಬಿ.ಬಿ. ವಾರ್‌ಫೀಲ್ಡ್ 1918ರಲ್ಲೇ ತೀರ್ಪು ಕೊಟ್ಟಿದ್ದರು. ಅದೇ ತೀರ್ಪನ್ನು 2013ರಲ್ಲಿ ಕ್ಯಾಲಿಫೋರ್ನಿಯದ ಜಾನ್ ಮೆಕಾರ್ಥರ್ ಒಂದು ಸಮ್ಮೇಳನವನ್ನೇ ಕರೆದು ಮತ್ತೆ ಘೋಷಿಸಿದರು. ಸರ್ವಶಕ್ತನಿಗೆ ಪ್ರವೇಶ ನಿಷೇಧಿಸುವಾಗ ಇಷ್ಟು ಅಚ್ಚುಕಟ್ಟಾಗಿ ಅಧ್ಯಾಯ, ವಚನಗಳ ಸಂಖ್ಯೆ ನಮೂದಿಸುವ ಕಾವಲುಗಾರರು ಬೇರೆ ಯಾವ ಧರ್ಮಕ್ಕೂ ಸಿಕ್ಕಿಲ್ಲವೇನೋ.

ಎದುರು ಪಕ್ಷದವರ ಬಳಿ ಕುರ್ಚಿಯಿದೆ. ಟೆಕ್ಸಸ್ಸಿನ ಎಲ್ ಪಾಸೊದ ಆಸ್ಪತ್ರೆಯಲ್ಲಿ 1959ರಲ್ಲಿ ಮೊಣಕೈ ಪೆಟ್ಟಿನಿಂದ ಮಲಗಿದ್ದ ಬೋಧಕ ಕೆನೆತ್ ಹೇಗಿನ್, ಯೇಸು ನಡೆದು ಬಂದ ಹೆಜ್ಜೆಸಪ್ಪಳ ಕೇಳಿಸಿತೆಂದೂ, ಅವರು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಒಂದೂವರೆ ತಾಸು ಮಾತಾಡಿದರೆಂದೂ ಹೇಳಿಕೊಂಡರು. ಆಸ್ಪತ್ರೆಯ ಕುರ್ಚಿ ತಡೆದುಕೊಂಡದ್ದನ್ನು ನೋಡಿದರೆ ಆಗಿನ್ನೂ ನಿಲುವು 900 ಅಡಿಗೆ ಬೆಳೆದಿರಲಿಲ್ಲ. ನಾಲ್ಕನೆಯ ಶತಮಾನದ ಸಂತ ಮಾರ್ಟಿನನ ಕೋಣೆಗೂ ಒಬ್ಬ ಕ್ರಿಸ್ತ ರತ್ನದ ಕಿರೀಟ, ಚಿನ್ನದ ಪಾದರಕ್ಷೆ ಧರಿಸಿ ಬಂದಿದ್ದನಂತೆ. ಶಿಲುಬೆಯ ಗಾಯದ ಗುರುತು ಕಾಣದೆ ನಂಬಲಾರೆನೆಂದು ಮಾರ್ಟಿನನು ಹೇಳಿದ ಕೂಡಲೇ ಆತ ದುರ್ವಾಸನೆ ಬಿಟ್ಟು ಮಾಯವಾದನೆಂದು ಚರಿತ್ರಕಾರ ಬರೆದಿದ್ದಾನೆ. ಗುರುತು ಕೇಳುವ ಈ ಪದ್ಧತಿ ಈಗ ಬಳಕೆಯಲ್ಲಿದ್ದಂತಿಲ್ಲ.

ಟಲ್ಸಾದ ಆಸ್ಪತ್ರೆ 1981ರಲ್ಲಿ ತೆರೆಯಿತು. 1987ರಲ್ಲಿ, ಮಾರ್ಚ್ ಮುಗಿಯುವುದರೊಳಗೆ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ನನ್ನನ್ನು ತನ್ನ ಬಳಿಗೆ ಕರೆಸಿಕೊಳ್ಳುತ್ತಾನೆ ಎಂದು ರಾಬರ್ಟ್ಸ್ ಸಾರಿದರು. ಸ್ವರ್ಗಕ್ಕೆ ಹೋಗುವುದನ್ನು ಜೀವಮಾನವಿಡೀ ಪರಮಸುಖವೆಂದು ಬೋಧಿಸಿದವರು ಅದನ್ನೇ ಬೆದರಿಕೆಯಾಗಿ ಬಳಸಿದ್ದು ಅದೇ ಮೊದಲಿರಬೇಕು. ಕೊನೆಯ 13 ಲಕ್ಷವನ್ನು ಫ್ಲಾರಿಡಾದಲ್ಲಿ ನಾಯಿ ರೇಸಿನ ಮೈದಾನ ಇಟ್ಟುಕೊಂಡಿದ್ದ ಧಣಿಯೊಬ್ಬರು ಕೊಟ್ಟು ಬೋಧಕರನ್ನು ಭೂಮಿಯಲ್ಲೇ ಉಳಿಸಿಕೊಂಡರು. ರಾಬರ್ಟ್ಸ್ 2009ರವರೆಗೆ ಬದುಕಿದರು. ಆಸ್ಪತ್ರೆಯ ಆಯುಸ್ಸು ಅಷ್ಟಿರಲಿಲ್ಲ, 1989ರಲ್ಲೇ ಮುಚ್ಚಿತು. ಗೋಪುರಗಳು ಬಾಡಿಗೆ ಕಚೇರಿಗಳಾದವು.

ಅದರ ಮುಂದಿದ್ದ, ಪ್ರಾರ್ಥನೆಗೆ ಜೋಡಿಸಿದ ಕಂಚಿನ ಕೈಗಳನ್ನು ಆಮೇಲೆ ರಾಬರ್ಟ್ಸ್ ಸ್ಥಾಪಿಸಿದ ವಿಶ್ವವಿದ್ಯಾಲಯದ ಹೆಬ್ಬಾಗಿಲಿಗೆ ಸಾಗಿಸಿದರು. ಅವುಗಳ ಎತ್ತರ 60 ಅಡಿ. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಮನುಷ್ಯನ ಕೈ ಅವನ ಎತ್ತರದ ಸುಮಾರು ಹತ್ತನೆಯ ಒಂದು ಭಾಗವೆಂದು ಲೆಕ್ಕ ಹಾಕಿದರೆ 900 ಅಡಿಯವರ ಕೈಯೊಂದೇ 90 ಅಡಿಯಾಗಬೇಕು. ಹಾಗಾಗಿ ಆ ಕೈಗಳು ಅತಿಥಿಯವಲ್ಲ; ಪತ್ರ ಓದಿ ಚೆಕ್ಕು ಬರೆದವರವು ಇರಬೇಕು.