ಸೋಮವಾರದ ಸಂಗ್ರಹಾಲಯ

ಡಿಸೆಂಬರ್ ಬಂತೆಂದರೆ ನಮ್ಮ ಪ್ರೌಢಶಾಲೆಗಳಿಗೆ ಪ್ರವಾಸದ ಜ್ವರ. ಮೈಸೂರಿನ ಪಟ್ಟಿ ಅಜ್ಜನ ಕಾಲದಿಂದ ಅದೇ: ಬೆಟ್ಟ, ಅರಮನೆ, ಮೃಗಾಲಯ, ಸಂಜೆಗೆ ಕೆಆರ್‌ಎಸ್ ಕಾರಂಜಿ. ಇಷ್ಟನ್ನೇ ಬರೆದರೆ ಬಿಇಒ ಕಚೇರಿಯವರು ‘ಇದರಲ್ಲಿ ಶಿಕ್ಷಣ ಎಲ್ರೀ?’ ಎಂದಾರು. ಅದಕ್ಕೆಂದೇ 1995ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಕಾರಂಜಿಕೆರೆ ದಡದಲ್ಲಿ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ತೆರೆಯಿತೆಂದು ನಮ್ಮೂರ ಹೆಡ್‌ಮಾಸ್ತರರ ದೃಢ ನಂಬಿಕೆ.

ಕಡತಕ್ಕೇನೂ ಕೊರತೆಯಿಲ್ಲ. ಪೋಷಕರ ಒಪ್ಪಿಗೆ ಪತ್ರ, ಎಸ್‌ಡಿಎಂಸಿ ನಡಾವಳಿ, ಬಸ್ಸಿನ ವಿಮೆ, ಡ್ರೈವರ್ ಲೈಸೆನ್ಸ್, ‘ಹೆಚ್ಚುಕಮ್ಮಿಯಾದರೆ ಶಾಲೆ ಹೊಣೆಯಲ್ಲ’ ಎಂಬ ಮುಚ್ಚಳಿಕೆ, ಎಲ್ಲವೂ ಮೂರು ಪ್ರತಿ. ಸಂಗ್ರಹಾಲಯಕ್ಕೆ ಸೋಮವಾರ ರಜೆ ಎಂಬ ಸಂಗತಿ ತುಂಬಲು ಮಾತ್ರ ನಮೂನೆಯಲ್ಲಿ ಜಾಗವಿರಲಿಲ್ಲ. ಬಸ್ಸು ಸಿಕ್ಕಿದ್ದು ಸೋಮವಾರಕ್ಕೆ.

ಹೊರಡುವ ಮುನ್ನಾದಿನ ವಿಜ್ಞಾನದ ಮೇಡಂ ಇದನ್ನು ಪತ್ತೆ ಹಚ್ಚಿದರು.

“ಸಾರ್, ಮಕ್ಕಳಿಗೆ ಜೀವವಿಕಾಸ ತೋರಿಸಬೇಕಂತಿದ್ದೆ.”

“ಎನ್‌ಸಿಇಆರ್‌ಟಿಯವರೇ ಹತ್ತನೇ ಕ್ಲಾಸಿನ ಪುಸ್ತಕದಿಂದ ಅದನ್ನ ಕಿತ್ತು ಹಾಕಿದಾರಲ್ಲಮ್ಮ. ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಂತಿದ್ದ ಪಾಠ ಈಗ ಬರೀ ‘ಅನುವಂಶೀಯತೆ’. ಪರೀಕ್ಷೆಗೆ ಬರದೇ ಇರೋದನ್ನ ನೋಡಿ ಏನ್ಮಾಡ್ತಾರೆ?”

ಮಾತಿಗೆ ಮಾತು ಸರಿಹೋಯಿತು. ಡಾರ್ವಿನ್ನನೇ ಎದುರಿಗಿದ್ದರೂ ರಜಾ ಚೀಟಿ ಬರೆದುಕೊಟ್ಟು ಹೋಗುತ್ತಿದ್ದ.

ಮೇಡಂ ಮುಖ ಸಪ್ಪಗಾದದ್ದು ಕಂಡು ಹೆಡ್‌ಮಾಸ್ತರರು ಸಮಾಧಾನವನ್ನೂ ಹೇಳಿದರು: ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಸಂಗ್ರಹಾಲಯ 1978ರಿಂದ ಬಾಡಿಗೆ ಕಟ್ಟಡದಲ್ಲಿದ್ದು, 2016ರ ಏಪ್ರಿಲ್ 26ರಂದು ಬೆಂಕಿಗೆ ಬಿದ್ದು ಹೋಯಿತು. ನಮ್ಮದಕ್ಕೆ ಬೀಗ ತಾನೇ ಹಾಕಿರುವುದು!

ಪ್ರವಾಸದ ವರದಿ ಆಗಲೇ ಬರೆದಿಟ್ಟಾಗಿತ್ತು. ‘ಮಕ್ಕಳು ಜೀವವೈವಿಧ್ಯದ ಮಾದರಿಗಳನ್ನು ಕುತೂಹಲದಿಂದ ವೀಕ್ಷಿಸಿ ಟಿಪ್ಪಣಿ ಮಾಡಿಕೊಂಡರು’ ಎಂಬ ಸಾಲು ಹೋದ ವರ್ಷದ್ದೇ. ಇಸವಿ ತಿದ್ದಿದ್ದರು, ಅಷ್ಟೇ. ಇಲಾಖೆಗೂ ಬೇಕಾದದ್ದು ಆ ಸಾಲು ಮತ್ತು ಒಂದು ಫೋಟೊ.

ಫೋಟೊಕ್ಕೆ ಗೇಟಿನ ಮುಂದೆ ಬಸ್ ನಿಂತಿತು. ‘ಶೈಕ್ಷಣಿಕ ಪ್ರವಾಸ’ದ ಬ್ಯಾನರ್ ಬಿಚ್ಚಿ, ಬೀಗ ಕಾಣದ ಹಾಗೆ ಹಿಡಿಯಲು ಎತ್ತರದ ಹುಡುಗರನ್ನೇ ಆರಿಸಿದರು. ಹಿಂದಿನ ಸಾಲಿನ ಒಬ್ಬಳು ಹುಡುಗಿ ಕೆರೆಯ ಕಡೆ ತಿರುಗಿ ಹೆಜ್ಜಾರ್ಲೆಗಳನ್ನು ನೋಡುತ್ತಿದ್ದಳು. ಪಿಇಟಿ ಸಾರ್ ಪೀಪಿ ಊದಿ ಅವಳನ್ನು ಶಿಕ್ಷಣದ ಕಡೆ ತಿರುಗಿಸಿದರು.

ಫೋಟೊ ತೆಗೆದುಕೊಟ್ಟ ವಾಚ್‌ಮನ್‌ಗೆ ಕನಿಕರವಾಯಿತೇನೋ. “ನಾಳೆ ಬನ್ನಿ ಸಾರ್, ತೆಗೆದಿರ್ತದೆ.”

“ನಾಳೆ ಮಂಗಳವಾರ, ಝೂ ರಜಾ ಕಣಯ್ಯ!” ಎಂದು ಗದರಿದ ಹೆಡ್‌ಮಾಸ್ತರರು ಬಸ್ ಹತ್ತಿದರು.