ಫೆಬ್ರವರಿಯ ರೇಟು, ಜುಲೈನ ಮೂಟೆ

ಚಿಕ್ಕಮಗಳೂರು ಸೀಮೆಯಲ್ಲಿ ಯಾರ ಮನೆಗೆ ಹೋದರೂ ಕಾಫಿ ಲೋಟ ಕೈಗೆ ಬರುವ ಮುಂಚೆಯೇ ಪ್ರಶ್ನೆ ಬರುತ್ತದೆ: "ಇವತ್ತು ರೇಟ್ ಎಷ್ಟಂತೆ?" ಕೇಳಿದವರಿಗೂ ಹೇಳಿದವರಿಗೂ ಅದರಿಂದ ಆಗಬೇಕಾದ್ದೇನೂ ಇಲ್ಲ. ಇಬ್ಬರೂ ಮಾರುವವರಲ್ಲ. ರೇಟು ಏರುತ್ತಿದ್ದರೆ "ಇನ್ನೂ ಏರುತ್ತೆ ಬಿಡಿ", ಇಳಿಯುತ್ತಿದ್ದರೆ "ಏರಲೇಬೇಕಲ್ಲ, ಎಲ್ಲಿಗೆ ಹೋಗುತ್ತೆ?"

ಬೆಳೆಗಾರರೆಲ್ಲ ಸರ್ಕಾರದ ಕಾಫಿ ಬೋರ್ಡಿಗೇ ಕಾಫಿ ಕೊಡಬೇಕಿದ್ದ ಪೂಲ್ ಪದ್ಧತಿ ಇದ್ದಾಗ ಈ ತಲೆನೋವಿರಲಿಲ್ಲ. ಕಾಫಿ ಕೊಟ್ಟು, ಕಂತಿನಲ್ಲಿ ಬರುವ ದುಡ್ಡಿಗೆ ಕಾಯುತ್ತಾ ಬೋರ್ಡನ್ನು ಬೈದುಕೊಂಡಿದ್ದರೆ ಸಾಕಿತ್ತು. 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟ ಬಂತು. ಅಂದಿನಿಂದ ಬೈಯಬೇಕಾದರೆ ಕನ್ನಡಿಯ ಮುಂದೆಯೇ ನಿಲ್ಲಬೇಕು.

ಗೌಡರ ಗೋದಾಮಿನಲ್ಲಿ ನೂರು ಮೂಟೆ ರೋಬಸ್ಟಾ ಜಾತಿಯ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಇದೆ ಅಂದುಕೊಳ್ಳಿ. ಫೆಬ್ರವರಿಯ ಒಂದು ದಿನ ಐವತ್ತು ಕೆಜಿ ಮೂಟೆಗೆ 12,000 ಅಂತ ವಾಟ್ಸಾಪಿನಲ್ಲಿ ಬಂತು. ಗೌಡರು ಮಾರಲಿಲ್ಲ. ಆದರೆ ಆ ಸಂಖ್ಯೆ ತಲೆಯಲ್ಲಿ ಮೊಳೆ ಹೊಡೆದುಕೊಂಡು ಕೂತಿತು. ಜುಲೈನಲ್ಲಿ ವ್ಯಾಪಾರಿ 10,000 ಅಂದರೆ ಗೌಡರ ಲೆಕ್ಕದಲ್ಲಿ ಮೂಟೆಗೆ ಎರಡು ಸಾವಿರ ಲಾಸು! ಕೈಗೆ ಬಂದೇ ಇರದ ದುಡ್ಡು ಕಳೆದುಹೋಗುವುದು ಹೇಗೆ ಅಂತ ಮಾತ್ರ ಕೇಳಬೇಡಿ.

ಈ ಮೊಳೆಯ ಗುಟ್ಟನ್ನು ಟ್ವೆರ್ಸ್ಕಿ ಮತ್ತು ಕಾನಮನ್ ಎಂಬ ಇಬ್ಬರು ಮನೋವಿಜ್ಞಾನಿಗಳು 1974ರಲ್ಲೇ ಬಿಚ್ಚಿಟ್ಟಿದ್ದರು. ಜಾತ್ರೆಯಲ್ಲಿರುತ್ತದಲ್ಲ, ಅಂಥದ್ದೊಂದು ಚಕ್ರ ತಿರುಗಿಸಿದರು. ನಿಲ್ಲುವುದು 10ಕ್ಕೆ ಇಲ್ಲವೇ 65ಕ್ಕೆ ಮಾತ್ರ. ಆಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ಶೇಕಡ ಎಷ್ಟು ಅಂತ ಕೇಳಿದರು. 10 ನೋಡಿದವರ ಅಂದಾಜು 25ರ ಸುತ್ತ, 65 ನೋಡಿದವರದ್ದು 45ರ ಸುತ್ತ. ಚಕ್ರಕ್ಕೂ ಆಫ್ರಿಕಕ್ಕೂ ಯಾವ ನಂಟು? ನಮ್ಮಲ್ಲೂ ಅಷ್ಟೇ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು ಜಾತಿಯ ಕಾಫಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿದಾಗ ನಮ್ಮ ರೋಬಸ್ಟಾದವರೂ ಎದೆಯುಬ್ಬಿಸಿಕೊಂಡರು. ಆದರೆ ರೋಬಸ್ಟಾದ ರೇಟು ಕುದುರುವುದು ಲಂಡನ್ನಿನಲ್ಲಿ.

ಹಾಗೆ ನೋಡಿದರೆ ಅಮೆರಿಕದವರೂ ಕಮ್ಮಿಯಿಲ್ಲ. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅರ್ಧ ಜನಕ್ಕೆ ಪುಕ್ಕಟೆ ಕಾಫಿ ಮಗ್ಗು ಹಂಚಿದರು. ಮಗ್ಗು ಸಿಕ್ಕವರು ಅದನ್ನು ಮಾರಲು ಸುಮಾರು ಐದು ಡಾಲರ್ ಕೇಳಿದರು. ಸಿಗದವರು ಮೂರರ ಮೇಲೆ ಏಳಲಿಲ್ಲ. ಐದು ನಿಮಿಷ ಕೈಯಲ್ಲಿದ್ದ ಖಾಲಿ ಮಗ್ಗಿನ ಮೇಲೇ ಇಷ್ಟು ಮೋಹವಾದರೆ, ಹೂಮಳೆಗೆ ಆಕಾಶ ನೋಡಿ, ಆಳಿಲ್ಲದೆ ಒದ್ದಾಡಿ, ಆನೆ ತುಳಿದು ಉಳಿಸಿದ ಗಿಡದ ಕಾಫಿಯ ಮೇಲೆ ಎಷ್ಟಿರಬೇಡ!

ಮೋಹಕ್ಕೆ ಬಾಡಿಗೆಯೂ ಇದೆ. ನೂರು ಮೂಟೆ, ಹತ್ತು ಲಕ್ಷ. ವರ್ಷಕ್ಕೆ ಶೇ 12ರ ಸಾಲವಿದ್ದರೆ ತಿಂಗಳಿಗೆ ಹತ್ತು ಸಾವಿರ ಬಡ್ಡಿ, ಅಂದರೆ ಮೂಟೆಗೆ ನೂರು. ಫೆಬ್ರವರಿಯಿಂದ ಜುಲೈಗೆ ಐನೂರು. ಅದರ ಮೇಲೆ ಮೂಡಿಗೆರೆ ಕಡೆಯ ಮಳೆಗಾಲ. ಶೇ 11ರ ತೇವಕ್ಕೆ ಒಣಗಿಸಿದ ಚೆರಿ, ಗೋಡೆಗೆ ತಾಗಿಸಿ ನೆಲದ ಮೇಲೆ ಇಟ್ಟರೆ ಥಂಡಿ ಎಳೆದುಕೊಂಡು ಬೂಸಲು ಹಿಡಿಯುತ್ತದೆ. ಅಡಿಗೆ ಮರದ ಹಲಗೆ, ಗೋಡೆಯಿಂದ ಒಂದಡಿ ದೂರ, ಇಷ್ಟಾದರೂ ಬೇಕು. ಹೆಗ್ಗಣದ ಪಾಲು ಬೇರೆ.

ಮಾರುವ ದಿನದ ಯಡವಟ್ಟು ಇನ್ನೊಂದು ಬಗೆಯದ್ದು. ಒಬ್ಬ ವ್ಯಾಪಾರಿ ಮೂಟೆಗೆ 10,000 ಅನ್ನುತ್ತಾನೆ, ಇನ್ನೊಬ್ಬ ಓಟಿ ಲೆಕ್ಕದಲ್ಲಿ 385 ಅನ್ನುತ್ತಾನೆ. ಐವತ್ತು ಕೆಜಿ ಚೆರಿಯಿಂದ ಎಷ್ಟು ಕೆಜಿ ಕಾಳು ಬರುತ್ತದೋ ಅದೇ ಓಟಿ, ಅಂದರೆ ಔಟ್‌ಟರ್ನ್; 385 ಅನ್ನುವುದು ಆ ಕಾಳಿನ ಪ್ರತಿ ಕೆಜಿಗೆ. 27 ಬಂದರೆ 10,395. 25 ಬಂದರೆ 9,625. ಓಟಿ ತಿಳಿಯದೆ ಯಾವುದು ಮೇಲು ಅಂತ ಹೇಳಲಾಗದು. ಆದರೆ ಗುಣಾಕಾರ ಕಷ್ಟ, ನೆನಪು ಸುಲಭ; ಮನಸ್ಸು "ಹೋದ್ಸಲ ಇವನೇ ಚೆನ್ನಾಗಿ ಮಾತಾಡ್ಸಿದ್ದ" ಅಂತ ತೀರ್ಮಾನ ಮಾಡಿ ಎದ್ದುಬಿಡುತ್ತದೆ.

ಸ್ಯಾಂಪಲ್ ತೆಗೆಯುವುದನ್ನು ನೋಡಬೇಕು. ಹತ್ತಾರು ಮೂಟೆಗಳ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಕಲಸಿ, ಅದರಲ್ಲಿ ಅರ್ಧ ಕೆಜಿಯ ಸಿಪ್ಪೆ ಬಿಡಿಸಿ ತೂಗಬೇಕು. 260 ಗ್ರಾಂ ಕಾಳು ಬಂದರೆ ಓಟಿ 26. ಗೌಡರ ಕೈ ಮಾತ್ರ ತಂತಾನೇ ಬಿಸಿಲು ಚೆನ್ನಾಗಿ ಬಿದ್ದ ಕಣದ ಮೂಟೆಗೇ ಹೋಗುತ್ತದೆ. ಮನೆಯಲ್ಲಿ 27 ಬಂದದ್ದು ವ್ಯಾಪಾರಿಯಲ್ಲಿ 25 ಆದಾಗ, ಕಪ್ಪು ಕಾಳು, ಬೋರರ್ ಹುಳ ಹೊಡೆದದ್ದು ಅಂತ ಇನ್ನಷ್ಟು ಮುರಿದುಕೊಂಡಾಗ, "ಕಳ್ಳ ನನ್ಮಗ!"

ಪಕ್ಕದ ತೋಟದವರು 12,000ಕ್ಕೆ ಮಾರಿದ್ದು ನಿಜ. ಮಗಳ ಫೀಸಿಗೆ ಅಂತ ಹತ್ತು ಮೂಟೆ. ಉಳಿದ ಎಪ್ಪತ್ತರ ಸುದ್ದಿಯನ್ನು ಅವರು ಎತ್ತುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಮೊಳೆ ಕೀಳಲು ಒಂದು ಪ್ರಶ್ನೆ ಇದೆ: ಗೋದಾಮು ಖಾಲಿ ಇದ್ದು, ಕೈಯಲ್ಲಿ ಹತ್ತು ಲಕ್ಷ ಇದ್ದಿದ್ದರೆ, ಇವತ್ತು ಇದೇ ರೇಟಿಗೆ ನೂರು ಮೂಟೆ ಕೊಂಡು ತುಂಬಿಸುತ್ತಿದ್ದಿರಾ? "ನಂಗೇನ್ ಹುಚ್ಚಾ?" ಅನ್ನುವವರು ಇವತ್ತೇ ಮಾರಬೇಕಾದವರು. ಇಷ್ಟು ಕಟುವಾಗಿ ಕೇಳಿಕೊಳ್ಳಲು ಆಗದಿದ್ದರೆ, ಕುಯ್ಲಿಗೆ ಮೊದಲೇ ಬೆಳೆಯನ್ನು ನಾಲ್ಕು ಪಾಲು ಮಾಡಿ. ಮೂರು ಪಾಲಿಗೆ ರೇಟಲ್ಲ, ತಾರೀಕು ಗೊತ್ತುಮಾಡಿ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬರೆಸಿ. ನಾಲ್ಕನೆಯ ಪಾಲನ್ನು ಜೂಜಿಗೆ ಇಟ್ಟುಕೊಳ್ಳಿ, ಮಾತಾಡಲು ವಿಷಯ ಬೇಕಲ್ಲ. ತಾರೀಕು ಬಂದ ದಿನ ರೇಟು ಇನ್ನೂರು ಇಳಿದಿರುತ್ತದೆ, "ಒಂದ್ವಾರ ನೋಡೋಣ" ಅನ್ನಿಸಿಯೇ ಅನ್ನಿಸುತ್ತದೆ. ಅದಕ್ಕೇ ಪುಸ್ತಕ ಅಮ್ಮಾವ್ರ ಹತ್ತಿರ ಇರಲಿ.

"ರೀ, ಮಾರ್ಚ್ 15 ಅಂತ ಬರ್ದಿದೆ. ಇವತ್ತು 15. ಲಾರಿ ಬಂದಿದೆ, ಹೋಗಿ ತೂಕ ಹಾಕ್ಸಿ."

ಗೌಡರು ಚಪ್ಪಲಿ ಮೆಟ್ಟಿ ಗೋದಾಮಿನ ಬಾಗಿಲು ತೆಗೆದು, ಮೂಟೆ ಹೊರಲು ಬಂದ ಹುಡುಗನನ್ನು ಮೆಲ್ಲಗೆ ಕೇಳಿದರು: "ಸಕಲೇಶಪುರದಲ್ಲಿ ಎಷ್ಟಂತೋ?"