ಜೊಳ್ಳೋ ಗಟ್ಟಿಯೋ

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಒಣಗಿದ ಕಡಲೆಕಾಯಿಯ ರಾಶಿಯ ಮುಂದೆ ನಿಂತಾಗಲೆಲ್ಲ ನಾನು ಒಂದು ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ಬೀಜ ಗಳಗಳ ಎಂದರೆ ಸಮಾಧಾನ, ಸದ್ದಿಲ್ಲದಿದ್ದರೆ ಜೊಳ್ಳೆಂಬ ಗುಮಾನಿ. ಈ ಸಲ ಮಾರುವಾಕೆ ನಕ್ಕು, "ಒಡೆದು ತಿಂದೇ ನೋಡಿ ಸ್ವಾಮಿ, ರುಚಿಗೆ ಕಾಸು ಕೇಳಲ್ಲ" ಎಂದಳು.

ಪರಮಾಣುವಿನ ವಿಷಯದಲ್ಲಿ ಭೌತವಿಜ್ಞಾನಿ ಅರ್ನೆಸ್ಟ್ ರುದರ್‌ಫರ್ಡ್‌ಗೆ ಈ ಅನುಕೂಲ ಇರಲಿಲ್ಲ. ಧನ ವಿದ್ಯುತ್ತು ಪರಮಾಣುವಿನ ತುಂಬ ಹರಡಿಕೊಂಡಿದೆ, ಅದರೊಳಗೆ ಎಲೆಕ್ಟ್ರಾನುಗಳೆಂಬ ಋಣ ವಿದ್ಯುತ್ತಿನ ಕಣಗಳು ಹುದುಗಿವೆ ಎಂಬುದು ಅಂದಿನ ಥಾಮ್ಸನ್ ಮಾದರಿ. ನಮ್ಮ ಮೇಷ್ಟ್ರು ಅದಕ್ಕೆ ಕಲ್ಲಂಗಡಿಯನ್ನು ಉದಾಹರಿಸುತ್ತಿದ್ದರು, ನನಗಾದರೋ ದ್ರಾಕ್ಷಿ ಹಾಕಿದ ರವೆ ಉಂಡೆಯೇ ನೆನಪಾಗುತ್ತಿತ್ತು. ಉಂಡೆಯೇ ನಿಜವಾಗಿದ್ದರೆ, ವಿಕಿರಣಶೀಲ ವಸ್ತುವಿನಿಂದ ಹೊಮ್ಮಿ ವೇಗವಾಗಿ ನುಗ್ಗುವ, ಧನ ವಿದ್ಯುತ್ತಿನ ಭಾರದ ಆಲ್ಫಾ ಕಣವನ್ನು ಹಿಂದಕ್ಕೆ ತಿರುಗಿಸುವಂಥ ಗಟ್ಟಿ ಜಾಗ ಅದರಲ್ಲಿ ಎಲ್ಲೂ ಇರಬಾರದು. 1909ರಲ್ಲಿ ಮ್ಯಾಂಚೆಸ್ಟರಿನ ರುದರ್‌ಫರ್ಡರ ಪ್ರಯೋಗಾಲಯದಲ್ಲಿ ಹಾನ್ಸ್ ಗೈಗರ್ ಮತ್ತು ಇನ್ನೂ ವಿದ್ಯಾರ್ಥಿಯಾಗಿದ್ದ ಅರ್ನೆಸ್ಟ್ ಮಾರ್ಸ್ಡೆನ್ ಕತ್ತಲ ಕೋಣೆಯಲ್ಲಿ ಕುಳಿತು, ಕಣ್ಣು ಕತ್ತಲಿಗೆ ಪಳಗುವವರೆಗೆ ಕಾದು, ಸತುವಿನ ಸಲ್ಫೈಡ್ ಬಳಿದ ಪರದೆಯ ಮೇಲೆ ಕಣಗಳು ಬಡಿದಾಗ ಮಿನುಗುವ ಚುಕ್ಕಿಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿದರು. ಪ್ಲಾಟಿನಮ್ ತಗಡಿಗೆ ಬಡಿದ ಸುಮಾರು 8000 ಕಣಗಳಲ್ಲಿ ಒಂದು ಮರಳಿ ಬಂದಿತ್ತು. ಕಾಯೊಳಗಿನ ಬೀಜ ಸದ್ದು ಮಾಡಿತ್ತು ಎನ್ನಬೇಕು.

1911ರಲ್ಲಿ ರುದರ್‌ಫರ್ಡ್ ಒಂದು ಲೇಖನದಲ್ಲಿ ಇದರ ಅರ್ಥ ಬಿಡಿಸಿದರು: ಪರಮಾಣುವಿನ ವಿದ್ಯುದಂಶವೊಂದು ನಡುವಿನ ಅತಿ ಚಿಕ್ಕ ಜಾಗದಲ್ಲಿ ಒತ್ತೊತ್ತಾಗಿ ಕೂಡಿಕೊಂಡಿದೆ, ಅದಕ್ಕೆ ತೀರ ಹತ್ತಿರ ಹೋದ ಕಣ ಮಾತ್ರ ಜೋರಾಗಿ ತಿರುಗುತ್ತದೆ. ಅದು ಧನವೋ ಋಣವೋ ಎಂಬುದನ್ನು ಆ ಲೇಖನದಲ್ಲಿ ಅವರು ತೀರ್ಮಾನಿಸಲಿಲ್ಲ; ಆ ಸಂಯಮ ನನಗೆ ಬಹಳ ಇಷ್ಟ. ಆ ನಡುವಿನ ಗಟ್ಟಿಗೆ ನಾವು ಈಗ ಹೇಳುವ ನ್ಯೂಕ್ಲಿಯಸ್ ಎಂಬ ಹೆಸರು ಕೂಡ ಅದರಲ್ಲಿಲ್ಲ. ಮೂಲ ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಕಾಯೊಳಗಿನ ತಿರುಳು ಎಂದೇ ಅರ್ಥ, ಆದ್ದರಿಂದ ಬೀಜಕೇಂದ್ರ ಎಂದ ಕನ್ನಡದವರನ್ನು ಕಡಲೆಬೀಜ ಮೆಲ್ಲುತ್ತಲೇ ಮೆಚ್ಚಬಹುದು.

ಹೋಲಿಕೆ ಅಳತೆಯಲ್ಲಿ ಮಾತ್ರ ಸೋಲುತ್ತದೆ. ಕಡಲೆಬೀಜ ಸಿಪ್ಪೆಯನ್ನು ಹೆಚ್ಚುಕಡಿಮೆ ತುಂಬಿಕೊಂಡಿರುತ್ತದೆ. ಚಿನ್ನದ ಪರಮಾಣುವಾದರೋ ತನ್ನ ಬೀಜಕೇಂದ್ರಕ್ಕಿಂತ ಸುಮಾರು 20,000 ಪಟ್ಟು ಅಗಲ. ಒಂದು ಸೆಂಟಿಮೀಟರಿನ ಬೀಜವನ್ನು ಬುಲ್ ಟೆಂಪಲ್ ರಸ್ತೆಯ ನಡುವೆ ಇಟ್ಟರೆ ಅದರ ಸಿಪ್ಪೆ ಎರಡೂ ಕಡೆ ನೂರು ನೂರು ಮೀಟರ್ ದೂರದಲ್ಲಿರಬೇಕು. ಸಾವಿರಕ್ಕೂ ಹೆಚ್ಚು ಪರಮಾಣುಗಳು ಒಂದರ ಹಿಂದೊಂದು ನಿಂತ 0.0004 ಮಿಲಿಮೀಟರ್ ದಪ್ಪದ ಚಿನ್ನದ ರೇಕನ್ನು ಬಹುಪಾಲು ಕಣಗಳು ಹೆಚ್ಚು ಬಾಗದೆ ದಾಟಿಹೋಗುವುದು ಇದರಿಂದಲೇ. ಎಲೆಕ್ಟ್ರಾನುಗಳು ಬೀಜಕೇಂದ್ರಕ್ಕೆ ಏಕೆ ಬಿದ್ದುಹೋಗುವುದಿಲ್ಲ ಎಂಬ ತಕರಾರನ್ನು ಡೆನ್ಮಾರ್ಕಿನ ಭೌತವಿಜ್ಞಾನಿ ನೀಲ್ಸ್ ಬೋರ್ 1913ರಲ್ಲಿ ಕೈಗೆತ್ತಿಕೊಂಡರು, ಅದು ಬೇರೆಯೇ ಕಥೆ.

ಅದೇ ವರ್ಷ ಗೈಗರ್ ಮತ್ತು ಮಾರ್ಸ್ಡೆನ್ ಬೇರೆ ಬೇರೆ ಕೋನಗಳಲ್ಲಿ, ಬೇರೆ ಬೇರೆ ಲೋಹಗಳಲ್ಲಿ ಮತ್ತೆ ಎಣಿಸಿ ರುದರ್‌ಫರ್ಡರ ಸೂತ್ರವನ್ನು ಒರೆಗೆ ಹಚ್ಚಿದರು. ನನ್ನ ಪರೀಕ್ಷೆಗೆ ಅಷ್ಟು ತಾಳ್ಮೆಯಿಲ್ಲ. ಮನೆಗೆ ಬಂದು, ಸದ್ದಿಲ್ಲವೆಂದು ಪಕ್ಕಕ್ಕೆ ತೆಗೆದಿಟ್ಟಿದ್ದ ಒಂದು ಕಾಯನ್ನು ಹೆಬ್ಬೆರಳಿನಲ್ಲಿ ಒತ್ತಿ ಒಡೆದೆ. ಅಲುಗಾಡಲು ಜಾಗವೇ ಇಲ್ಲದಷ್ಟು ಬಿಗಿಯಾಗಿ ಒಳಗೆ ಎರಡು ದಪ್ಪ ಬೀಜಗಳಿದ್ದವು.